ಕೆಂಡಕ್ಕೂ ಬಾಡಿಗೂ ನಡುವೆ

ಗರುಡಾಚಾರ್‌ಪಾಳ್ಯ
14 ಜುಲೈ 2024

ಪ್ರಿಯಾ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಕಳೆದ ಭಾನುವಾರ ಇಂದಿರಾನಗರದಲ್ಲಿ ನಿಮ್ಮ ಬಾಡಿನೂಟದ ಅಂಗಡಿಯ ಓಪನಿಂಗಿನಲ್ಲಿ ನಾನು ಮಾಡಿದ್ದು ಸರಿ ಎಂದು ಹೇಳಲು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯಂತೆ. ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಎರಡನೇ ಮಾತಿಗೆ ಕೂಗುತ್ತೇನೆ, ನೀನು ಮೂರನೇ ಮಾತಿಗೆ ಕಟ್ ಮಾಡುತ್ತೀಯ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈ ನಿಧಾನ. ಒಂದು ಬೈಗುಳ ಬರೆದು ಮುಗಿಸುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಗಂಡ ಹೆಂಡತಿ ಸೇರಿ ಯಾರದೋ ಬಂಗಲೆಯ ಹಿತ್ತಿಲಲ್ಲಿ ಡ್ರಮ್ಮನ್ನು ಒಲೆ ಮಾಡಿ ನಿಲ್ಲಿಸಿದ್ದೀರಿ. ತಳದಲ್ಲಿ ಇದ್ದಿಲು, ಮೇಲೆ ಕುರಿಯ ತೊಡೆ, ಅದರ ಮೇಲೆ ಮುಚ್ಚಳ. ಬೆಳಿಗ್ಗೆಯಿಂದ ಹೊಗೆ ಆಡುತ್ತಿತ್ತೇ ಹೊರತು ಉರಿ ಎಂಬುದನ್ನು ನಾನು ನೋಡಲಿಲ್ಲ. ಊಟದ ಹೊತ್ತಿಗೆ ನಿನ್ನ ಗಂಡ ದೀಪು ಆ ತೊಡೆಗೆ ಒಂದು ಕಡ್ಡಿ ಚುಚ್ಚಿ, ಅದರ ತಲೆಯ ಮೇಲೆ ಮೂಡಿದ ನಂಬರು ನೋಡಿ, "ಆಯ್ತು ಅತ್ತೆ, ಬೆಂದಿದೆ" ಅಂದ. ಕುಯ್ದರೆ ಅಂಚಿನ ಸುತ್ತ ಬಳೆ ತೊಡಿಸಿದ ಹಾಗೆ ಕೆಂಪು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹಸಿ ಬಾಡನ್ನು ಜನರ ತಟ್ಟೆಗೆ ಹಾಕುತ್ತಿದ್ದಾಳೆ. ಹತ್ತಿರ ಸಿಕ್ಕವರ ತಟ್ಟೆ ಕಿತ್ತುಕೊಂಡೆ. "ತಿನ್ಬೇಡ್ರಪ್ಪಾ, ಬೆಂದಿಲ್ಲ, ಬೇದಿ ಹತ್ಕೊಳ್ತದೆ" ಎಂದು ಕೂಗಿದೆ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರೆ ನಾನೇನು ಮಾಡಲಿ? ಬಡಿಸುವಾಗ ಬೆಂದಿದೆಯೇ ಎಂದು ತಾಯಿ ನೋಡಬಾರದೇ?

ನಿಮ್ಮಪ್ಪ ಇದ್ದಿದ್ದರೆ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಹಿಡಿಯುವವರಿಲ್ಲ.

ಒಲೆಗೆ ಉರಿ ಜಾಸ್ತಿ ಮಾಡಿ.

ಅಂಜಿನಮ್ಮ


ಇಂದಿರಾನಗರ
2 ಆಗಸ್ಟ್ 2024

ಅಮ್ಮಾ,

ದೀಪು ಬರೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಆ ಕೆಂಪು ಹಸಿ ಅಲ್ಲ. ಕೆಂಡದ ಮೇಲಿಟ್ಟ ಕಟ್ಟಿಗೆಯ ಹೊಗೆ ಮಾಂಸದೊಳಕ್ಕೆ ಇಳಿದರೆ ಅಂಚು ಹಾಗೆ ಕೆಂಪಾಗಿಯೇ ಉಳಿಯುತ್ತದೆ. ಅದು ಬರಲಿ ಎಂದೇ ನಾವು ಬೆಳಕು ಹರಿಯುವ ಮೊದಲೇ ಒಲೆ ಹಚ್ಚುವುದು. ಬಂದವರು ಮೊದಲು ನೋಡಿ ಮೆಚ್ಚುವುದೂ ಅದನ್ನೇ. ನೀನು ಅದರ ಮೇಲೆಯೇ ಬೆರಳಿಟ್ಟು ಹಸಿ ಎಂದೆ.

ಉರಿ ಕಾಣಲಿಲ್ಲ ಎಂದು ಬರೆದಿದ್ದೀಯ. ಕಾಣಬಾರದು. ಕೆಂಡ ಕೆಳಗೆ, ಮಾಂಸ ಮೇಲೆ, ನಡುವೆ ಒಂದು ಕಬ್ಬಿಣದ ತಗಡು ಇರುತ್ತದೆ. ಡಿಫ್ಯೂಸರ್ ಅನ್ನುತ್ತಾರೆ. ಕೆಂಡದ ಝಳ ನೇರವಾಗಿ ಮಾಂಸಕ್ಕೆ ಬಡಿಯದ ಹಾಗೆ ಅದು ಅಡ್ಡ ನಿಲ್ಲುತ್ತದೆ. ಝಳ ಅದಕ್ಕೆ ತಾಗಿ, ಹರಡಿ, ಸುತ್ತಲ ಸಂದಿನಿಂದ ನಿಧಾನವಾಗಿ ಮೇಲೇರುತ್ತದೆ. ಅದಿಲ್ಲದಿದ್ದರೆ ಕೆಳಗೆ ಸೀದು ಒಳಗೆ ಹಸಿ. ಗೊತ್ತಿಲ್ಲದ್ದನ್ನು ನೀನು ಕೇಳಬಹುದಿತ್ತು. ಈಗಲೂ ಅಂಗಡಿಗೆ ಬಂದವರು ತಟ್ಟೆ ಹಿಡಿದುಕೊಂಡು, "ಆ ಅಜ್ಜಿ ಇಲ್ಲ ತಾನೆ?" ಎಂದು ನಗುತ್ತಾರೆ. ಅವರಾದರೂ ಪರವಾಗಿಲ್ಲ. ಬಹಳ ಜನ ಬರುವುದೇ ಇಲ್ಲ.

ಆ ದಿನ ಊಟವಾದ ಮೇಲೆ ನಿನಗೊಂದು ಮಾತು ಹೇಳಬೇಕೆಂದಿದ್ದೆ. ಈಗ ಬೇಡ.

ಪ್ರಿಯಾ


ಗರುಡಾಚಾರ್‌ಪಾಳ್ಯ
25 ಆಗಸ್ಟ್ 2024

ಪ್ರಿಯಾ,

ಯಾವ ಮಾತು? ಅರ್ಧ ಹೇಳಿ ಬಾಯಿ ಮುಚ್ಚಿಕೊಳ್ಳುವುದು ನಿನಗೆ ಚಿಕ್ಕಂದಿನಿಂದ ಇರುವ ಚಾಳಿ.

ದೀಪು ಬಂದಿದ್ದ. ನಿಮ್ಮ ಅಡ್ಡ ತಗಡು ಕತ್ತರಿಸಿಕೊಳ್ಳಲು ನಮ್ಮ ರೋಡಿನ ವೆಲ್ಡಿಂಗ್ ಶೆಡ್ಡಿಗೇ ಬರುತ್ತಾನಂತೆ. ಮೊದಲನೆಯ ತಗಡು ಕೆಂಡದ ಮೇಲೆ ಹಪ್ಪಳದ ಹಾಗೆ ಸೊಟ್ಟಗಾಯಿತಂತೆ. ಅವನು ಅಳಿಯನಾಗುವ ಮೊದಲು ನನ್ನ ತಮ್ಮನ ಮಗ. ಅತ್ತೆ ಮನೆ ದಾಟಿಕೊಂಡು ಹೋಗುವಷ್ಟು ಕೊಬ್ಬು ಅವನಿಗಿಲ್ಲ. ಮುದ್ದೆ ಉಂಡ. ನಾನು ನಿನ್ನನ್ನು ಬೈದಷ್ಟೂ ಹೂಂಗುಟ್ಟಿದ. ನಿನ್ನ ಹತ್ತಿರ ಬಂದು ನೀನು ನನ್ನನ್ನು ಬೈದಷ್ಟೂ ಹೂಂಗುಟ್ಟಿರುತ್ತಾನೆ. ಎದ್ದು ಹೋಗುವಾಗ ಒಂದು ಪೊಟ್ಟಣ ಕೊಟ್ಟು, "ಅತ್ತೆ, ಹಂಗೇ ತಿನ್ನಿ. ಬಿಸಿನೂ ಮಾಡ್ಬೇಡಿ, ದಮ್ಮಯ್ಯ" ಅಂದ.

ಬಿಚ್ಚಿದರೆ ಅದೇ ಕೆಂಪು. ಕುಕ್ಕರಿಗೆ ಹಾಕಿ ಮೂರು ಕೂಗು ಕೂಗಿಸಿದೆ. ಮಸಾಲೆ ಅರೆದು ಸಾರು ಮಾಡಿದೆ. ಹತ್ತಿಕೊಂಡ ಗುಡಿಸಲಿಗೆ ನೀರು ಸುರಿದ ಮೇಲೆ ಬರುತ್ತದಲ್ಲ, ಆ ವಾಸನೆ ಮನೆಯೆಲ್ಲ ತುಂಬಿತು. ಪಕ್ಕದ ಮನೆಯವರು ಎಲ್ಲೋ ವೈರು ಸುಟ್ಟಿದೆ ಎಂದು ಬಂದು ನಮ್ಮ ಮೀಟರ್ ಬೋರ್ಡು ತಡವಿ ನೋಡಿ ಹೋದರು. ಸಾರಿನಲ್ಲಿ ಕೈಯಾಡಿಸಿ ಒಂದು ತುಂಡು ಎತ್ತಿದೆ. ಮೂರು ಕೂಗಿಗೂ ಆ ಕೆಂಪು ಜಗ್ಗಿರಲಿಲ್ಲ.

ಹಾಗಾದರೆ ಅದು ಹಸಿ ಅಲ್ಲ ಎಂದಾಯಿತು. ಇದನ್ನು ಇಲ್ಲಿಗೇ ಬಿಡು.

ಆದರೂ ಕೇಳುತ್ತೇನೆ, ಕೆಂಡಕ್ಕೂ ಬಾಡಿಗೂ ನಡುವೆ ಅಷ್ಟೊಂದು ನಾಜೂಕು ಯಾಕೆ? ನಾನು ನಿನ್ನನ್ನು ಯಾವ ತಗಡೂ ಇಲ್ಲದೆ ಬೆಳೆಸಿದೆ. ಸೀದುಹೋದೆಯಾ?

ಅಂಜಿನಮ್ಮ


ಗರುಡಾಚಾರ್‌ಪಾಳ್ಯ
3 ಅಕ್ಟೋಬರ್ 2024

ಪ್ರಿಯಾ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಮಹಾಲಯ ಅಮಾವಾಸ್ಯೆ. ಗಾಂಧಿ ಜಯಂತಿಯೂ ಅದೇ ದಿನ ಬಿದ್ದು ಮಾಂಸದ ಅಂಗಡಿ ಬಂದ್ ಎಂದರು. ನಿಮ್ಮಪ್ಪನ ಎಡೆಗೆ ಬಾಡಿಲ್ಲದೆ ಆಗುತ್ತದೆಯೇ? ಮೊನ್ನೆಯೇ ಶಿವಾಜಿನಗರಕ್ಕೆ ಹೋದೆ, ನೀವು ಬಾಡು ತರುವ ಅಕ್ತರ್ ಅಂಗಡಿಗೆ. ಊರಿನವರೆಲ್ಲ ಅಲ್ಲೇ ನಿಂತಿದ್ದರು. ನನ್ನ ಸರದಿ ಬಂದಾಗ ಅವನು ತಕ್ಕಡಿ ನೋಡುತ್ತಲೇ, "ಅಮ್ಮಾ, ಎಡೆಗೆ ಇದು ತಗೊಳ್ಳಿ. ಪ್ರಿಯಾಗೆ ಕಾಲು ಮೂಳೆ ಬೇರೆ ಕಟ್ತೀನಿ. ಐದನೇ ತಿಂಗಳಲ್ವಾ, ಸೂಪ್ ಮಾಡಿ ಕುಡ್ಸಿ" ಅಂದ.

ಹಿಂದೆ ಮುಂದೆ ಅಷ್ಟು ಜನ. "ಹೂಂ, ಕಟ್ಟಪ್ಪಾ" ಅಂದೆ, ಎಲ್ಲ ಗೊತ್ತಿದ್ದವಳ ಹಾಗೆ. ಮಗಳು ಬಸುರಿ ಎಂದು ಅವಳ ತಾಯಿಗೆ ತಿಳಿದಿಲ್ಲ ಎಂದು ಆ ಜನರ ನಡುವೆ ಯಾವ ಬಾಯಲ್ಲಿ ಹೇಳಲಿ? ಮೂಳೆ ಕಟ್ಟಿಸಿಕೊಂಡು ಬಸ್ಸು ಹತ್ತಿ ಕೂತೆ. ನಮ್ಮ ಸ್ಟಾಪು ಬಂದದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ಹೂಡಿಯಲ್ಲಿ ಕಂಡಕ್ಟರು ಭುಜ ತಟ್ಟಿ, ನಿದ್ದೆ ಬಂತಾ ಅಜ್ಜಿ ಎಂದು ಕೇಳಿದ. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ.

ಮೂಳೆ ಕಡಿಯುವವನಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ದೀಪು ನನ್ನ ಮನೆಯಲ್ಲಿ ಕೂತು ಮುದ್ದೆ ನುಂಗಿದ, ಮಾತನ್ನೂ ಅದರ ಜೊತೆಗೇ ನುಂಗಿದ. ಎಡೆ ಇಟ್ಟು ಕೈಮುಗಿಯುವಾಗ ನಿಮ್ಮಪ್ಪನಿಗೆ ಹೇಳೋಣವೆಂದು ಬಾಯಿ ತೆರೆದೆ. ಇನ್ನೊಬ್ಬರಿಂದ ಕೇಳಿದ ಸುದ್ದಿಯನ್ನು ಹೇಗೆ ಹೇಳುವುದೆಂದು ದೀಪದ ಬತ್ತಿ ಸರಿಮಾಡಿ ಎದ್ದೆ.

ಮೂಳೆ ಫ್ರಿಜ್ಜಿನಲ್ಲಿದೆ. ನಾನು ತಿನ್ನುವುದಿಲ್ಲ, ಬಿಸಾಡುವುದೂ ಇಲ್ಲ.

ಅಂಜಿನಮ್ಮ


ಇಂದಿರಾನಗರ
10 ಅಕ್ಟೋಬರ್ 2024

ಅಮ್ಮಾ,

ದೀಪುವನ್ನು ಬೈಯಬೇಡ. ಹೇಳಕೂಡದೆಂದು ಆಣೆ ಹಾಕಿಸಿಕೊಂಡವಳು ನಾನು. ನಮ್ಮಿಬ್ಬರ ನಡುವೆ ನಿಂತು ಅವನೇ ಬೇಯುತ್ತಿದ್ದಾನೆ.

ಓಪನಿಂಗಿನ ದಿನ ಹೇಳಬೇಕೆಂದಿದ್ದ ಮಾತು ಅದೇ. ಮೊದಲ ತಟ್ಟೆ ನಿನ್ನ ಕೈಗೆ ಕೊಟ್ಟು, ನೀನು ಒಂದು ತುಂಡು ಬಾಯಿಗೆ ಹಾಕಿಕೊಂಡ ಮೇಲೆ ಕಿವಿಯಲ್ಲಿ ಹೇಳೋಣ ಎಂದುಕೊಂಡಿದ್ದೆ. ಹೊಸ ಸೀರೆ ಉಟ್ಟು ನಿನ್ನ ಹಿಂದೆಯೇ ನಿಂತಿದ್ದೆ. ನೀನು ತಟ್ಟೆ ಎತ್ತಿದ್ದು ತಿನ್ನಲು ಅಲ್ಲ.

ಹೊಗೆಯ ಹತ್ತಿರ ಹೋಗಬೇಡ ಎಂದು ಡಾಕ್ಟರು ಹೇಳಿದ್ದಾರೆ. ನಾನು ಕೌಂಟರಿನಲ್ಲಿ ಕೂರುತ್ತೇನೆ. ಒಲೆಯ ಕೆಲಸವೆಲ್ಲ ದೀಪುವಿನದು.

ಪ್ರಿಯಾ


ಗರುಡಾಚಾರ್‌ಪಾಳ್ಯ
17 ನವೆಂಬರ್ 2024

ಪ್ರಿಯಾ,

ಹೊಸ ಸೀರೆಯ ಮಾತು ಓದಿದ ಮೇಲೆ ಬಹಳ ದಿನ ಬರೆಯಲು ಆಗಲಿಲ್ಲ. ಬರೆದೆ, ಹರಿದೆ. ಈ ಕಾಗದದ ಜೊತೆ ದೀಪು ಕೈಯಲ್ಲಿ ಒಂದು ಕಲ್ಲು ಕಳಿಸುತ್ತಿದ್ದೇನೆ.

ಈ ತಗಡೂ ಸೊಟ್ಟಗಾಯಿತೆಂದು ಅಳುಮೋರೆ ಹಾಕಿಕೊಂಡು ಬಂದ. ತಗಡು ಒಂದು ಕಡೆ ಎದ್ದರೆ ಝಳ ಅಲ್ಲೇ ನುಗ್ಗಿ ಬಾಡು ಸೀಯುತ್ತದಂತೆ. ಮಾತಾಡುತ್ತಿದ್ದ ಹಾಗೇ ನನ್ನ ಕಣ್ಣು ಅಂಗಳದ ನಲ್ಲಿಯ ಕೆಳಗೆ ಹೋಯಿತು. ನಮ್ಮ ಹಳೇ ಬಚ್ಚಲು ಕಲ್ಲು ನೆನಪಿದೆಯಾ? ಟೈಲ್ಸ್ ಹಾಕಿಸುವಾಗ ಕಿತ್ತು ತಂದು ನಲ್ಲಿಯ ಕೆಳಗೆ ಹಾಕಿಸಿದ್ದೆವು. ಈಗ ಪಾತ್ರೆ ತೊಳೆಯುವುದು ಅದರ ಮೇಲೇ. ದೀಪು ಅಳೆದು ನೋಡಿದ. ಡ್ರಮ್ಮಿನೊಳಗೆ ಕೂರುತ್ತದೆ, ಸುತ್ತ ಹೊಗೆ ಏಳಲು ಸಂದೂ ಬಿಡುತ್ತದೆ. ಕಲ್ಲು ಸೊಟ್ಟಗಾಗುವುದುಂಟೇ?

ನಿನ್ನನ್ನು ಎರೆದು ದೊಡ್ಡವಳು ಮಾಡಿದ್ದು ಆ ಕಲ್ಲಿನ ಮೇಲೆ. ದೀಪುವಿನ ತಾಯಿಗೆ ಬಾಣಂತನ ಮಾಡಿದವಳೂ ನಾನೇ, ಅವನನ್ನು ಎರೆದದ್ದೂ ಅಲ್ಲೇ. ಎಷ್ಟು ಹಂಡೆ ನೀರು ಕುಡಿದಿದೆಯೋ ಆ ಕಲ್ಲು. ಎತ್ತಿ ಇಡಲು ಆಟೋದವನೂ ಕೈ ಹಾಕಬೇಕಾಯಿತು. ನಿಮಗೆ ಉಪಯೋಗಕ್ಕೆ ಬರಲಿ ಎಂದು ಕೊಟ್ಟಿದ್ದೇನೆ. ಬೇರೆ ಅರ್ಥ ಹಚ್ಚಬೇಡ.

ಬಾಣಂತನಕ್ಕೆ ನಾನು ಬರಲೋ ಬೇಡವೋ, ಒಂದು ಗೆರೆ ಬರೆ. ಬೇಡ ಎಂದರೂ ಬರೆ. ಬೇಡ ಎಂಬುದನ್ನು ಅಕ್ತರ್ ಬಾಯಿಂದ ಕೇಳುವ ಹಾಗೆ ಮಾಡಬೇಡ.

ಒಲೆಯ ಹತ್ತಿರ ಸುಳಿಯಬೇಡ.

ಅಂಜಿನಮ್ಮ


ಇಂದಿರಾನಗರ
9 ಡಿಸೆಂಬರ್ 2024

ಅತ್ತೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಮೊದಲೇ ಹೇಳಿಬಿಡುತ್ತೇನೆ: ಪ್ರಿಯಾಗೆ ಜೀವಾಪಾಯ ಇಲ್ಲ. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಎರಡು ಸಲ ಓದಿ ಆಮೇಲೆ ಮುಂದೆ ಓದಿ.

ನಿಮ್ಮ ಕಲ್ಲು ಸಿಡಿಯಿತು.

ಇಷ್ಟು ದಿನ ಸೊಟ್ಟ ತಗಡಿನಲ್ಲೇ ತಳ್ಳಿದ್ದೆ. ನಿನ್ನೆ ಭಾನುವಾರ, ಆರ್ಡರ್ ಜಾಸ್ತಿ ಇತ್ತು, ಕಲ್ಲನ್ನು ಮೊದಲ ಸಲ ಇಟ್ಟೆ. ಪಾಚಿ ಹೋಗಲಿ ಎಂದು ಬಕೆಟ್‌ಗಟ್ಟಲೆ ನೀರು ಹಾಕಿ ಉಜ್ಜಿ, ಹಾಗೇ ಎತ್ತಿ ಕೆಂಡದ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಒಳಗೆ ಟಿಕ್ ಟಿಕ್ ಎಂದಿತು. ಇದ್ದಿಲು ಸಿಡಿಯುತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಪ್ರಿಯಾ ಕೋಳಿಯ ಟ್ರೇ ಹಿಡಿದುಕೊಂಡು ಬಂದಳು. ಬರಬೇಡ ಎಂದಿದ್ದೆ, ನಿಮ್ಮ ಮಗಳಲ್ಲವೇ, ಬಂದಳು. ಟ್ರೇ ತೆಗೆದುಕೊಳ್ಳಲು ಡ್ರಮ್ಮಿಗೆ ಬೆನ್ನು ಹಾಕಿ ಅವಳ ಮುಂದೆ ನಿಂತೆ. ಆಗ ಸಿಡಿಯಿತು. ಪಟಾಕಿಯ ಸದ್ದಲ್ಲ ಅತ್ತೆ, ನೆಲದೊಳಗಿಂದ ಬಂದ ಸದ್ದು. ಮುಚ್ಚಳ ಹಾರಿ ಕಾಂಪೌಂಡ್ ಆಚೆ ಬಿತ್ತು. ಕಲ್ಲಿನ ಚೂರು, ಕೆಂಡ ಎಲ್ಲ ನನ್ನ ಬೆನ್ನಿಗೆ, ಬಲಗೈಗೆ. ಬಲಗಿವಿಯಲ್ಲಿ ಈಗಲೂ ಗುಂಯ್ ಎನ್ನುತ್ತಿದೆ, ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಅವಳಿಗೆ ಒಂದು ಚೂರೂ ತಾಗಲಿಲ್ಲ. ಆದರೆ ಹಿಂದಕ್ಕೆ ಬಿದ್ದಳು. ರಕ್ತ ಹೋಯಿತು. ಹೆರಿಗೆಯವರೆಗೂ ಮಲಗಿರಬೇಕಂತೆ.

ಈಗ ಯೋಚಿಸಿದರೆ ಗೊತ್ತಾಗುತ್ತದೆ. ಕಲ್ಲೊಳಗೆ ಇಳಿದ ನೀರು ಆವಿಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಒಡೆದಿದೆ. ಕಲ್ಲು ಎಲ್ಲಿಯದು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಹಿತ್ತಿಲಲ್ಲಿ ಬಿದ್ದಿತ್ತು ಅಂದೆ.

ಪ್ರಿಯಾ, "ಅಮ್ಮ ಬರೋದು ಬೇಡ" ಎಂದಷ್ಟೇ ಹೇಳಿದಳು.

ದೀಪು


ಗರುಡಾಚಾರ್‌ಪಾಳ್ಯ
13 ಡಿಸೆಂಬರ್ 2024

ದೀಪು,

ನೀನು ಹೇಳಿದ ಹಾಗೆ ಮೊದಲ ಸಾಲು ಎರಡು ಸಲ ಓದಿದೆ. ಕಲ್ಲು ಸಿಡಿಯಿತು ಎಂಬುದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೊಸಿಲ ಮೇಲೆ ಕೂತವಳು ಸಂಜೆ ದೀಪ ಹಚ್ಚಲೂ ಏಳಲಿಲ್ಲ.

ನನಗೆ ಏನಾದರೂ ಕೆಟ್ಟದ್ದು ಕೇಳಿದರೆ ಮೊದಲು ಯಾರನ್ನು ಬೈಯಲಿ ಎಂದು ಹುಡುಕುವ ಅಭ್ಯಾಸ. ಈ ಸಲವೂ ಹುಡುಕಿದೆ. ಯಾರೂ ಸಿಗಲಿಲ್ಲ. ಎಷ್ಟು ಹಂಡೆ ನೀರು ಕುಡಿದಿದೆಯೋ ಎಂದು ಆ ದಿನ ನನ್ನ ಕೈಯಾರೆ ಬರೆದಿದ್ದೇನೆ. ಬರೆದವಳಿಗೇ ಹೊಳೆಯಲಿಲ್ಲ. ಹಾಲಿನವನು ದಿನಾ ನನ್ನ ಬೈಗುಳ ಕೇಳಿಕೊಂಡೇ ಹೋಗುವವನು. ಇವತ್ತು ಹಾಲು ಹಾಕಿ ಅಲ್ಲೇ ನಿಂತಿದ್ದ, ಹುಷಾರಿಲ್ವಾ ಎಂದು ಕೇಳಿದ.

ಬರಬೇಡ ಎಂದರೂ ನಿನ್ನೆ ಮೆಟ್ರೋ ಹತ್ತಿದೆ. ಮೂಳೆ ಸೂಪು ಮಾಡಿ ಫ್ಲಾಸ್ಕಿಗೆ ಹಾಕಿಕೊಂಡಿದ್ದೆ. ಅಕ್ಟೋಬರಿನ ಮೂಳೆಯಲ್ಲ, ಹೊಸದು. ಇಂದಿರಾನಗರದಲ್ಲಿ ಇಳಿದು ಆಸ್ಪತ್ರೆಯ ಗೇಟಿನವರೆಗೂ ನಡೆದೆ. ವಾಚ್‌ಮನ್, "ಯಾರನ್ನ ನೋಡ್ಬೇಕಮ್ಮಾ, ನೀವು ಏನಾಗ್ಬೇಕು ಅವ್ರಿಗೆ?" ಎಂದು ಕೇಳಿದ. ಫ್ಲಾಸ್ಕ್ ಅವನ ಕೈಗೇ ಕೊಟ್ಟು, ನೀನೇ ಕುಡಿಯಪ್ಪಾ ಎಂದು ಹೇಳಿ ವಾಪಸ್ಸು ಬಂದೆ.

ಹಿತ್ತಿಲಲ್ಲಿ ಬಿದ್ದಿತ್ತು ಎಂದು ಹೇಳಿದ್ದೀಯಲ್ಲ, ಆ ಸುಳ್ಳನ್ನು ತಿದ್ದು. ಕಲ್ಲು ಕೊಟ್ಟವಳು ನಮ್ಮತ್ತೆ ಎಂದು ಹೇಳು. ನೀನಾದರೂ ಎಷ್ಟು ಅಂತ ಅಡ್ಡ ನಿಲ್ಲುತ್ತೀಯ? ತಗಡೇ ಸೊಟ್ಟಗಾಗುತ್ತದೆ.

ಕಿವಿಗೆ ಎಣ್ಣೆ ಗಿಣ್ಣೆ ಬಿಡಬೇಡ. ಡಾಕ್ಟರು ಹೇಳಿದ ಹಾಗೆ ಕೇಳು.

ಅತ್ತೆ


ಗರುಡಾಚಾರ್‌ಪಾಳ್ಯ
14 ಜನವರಿ 2025

ಪ್ರಿಯಾ,

ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ಸಣ್ಣಗೆ ಹೆಚ್ಚಿದ್ದೇನೆ, ನಿನಗೆ ದಪ್ಪ ಇದ್ದರೆ ಆಗುವುದಿಲ್ಲ. ನಲ್ಲಿಯ ಕೆಳಗೆ ಕಲ್ಲು ಇದ್ದ ಜಾಗದಲ್ಲಿ ಈಗ ಗುಂಡಿ. ನೀರು ನಿಲ್ಲುತ್ತದೆ.

ಉತ್ತರ ಬರೆಯಬೇಕಿಲ್ಲ. ಮಲಗಿರು.

ಅಂಜಿನಮ್ಮ


ಇಂದಿರಾನಗರ
14 ಮಾರ್ಚ್ 2025

ಅಮ್ಮಾ,

ಶಿವರಾತ್ರಿಯ ವಾರ ಹೆಣ್ಣು ಮಗು ಹುಟ್ಟಿತು. ದೀಪು ಫೋನು ಮಾಡಿ ಹೇಳಿರುತ್ತಾನೆ. ಅಷ್ಟೇ ಹೇಳು, ಬಾ ಎಂದು ಹೇಳಬೇಡ ಎಂದಿದ್ದೆ.

ಕೋಪ ಇದೆ. ಕಲ್ಲಿನದಲ್ಲ. ಕಲ್ಲು ಸಿಡಿಯುತ್ತದೆ ಎಂದು ನಿನಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನನ್ನ ಕೋಪ ತಟ್ಟೆಯದು. ಮೂರು ಕೂಗು ಕೂಗಿಸಿ, ಹಸಿ ಅಲ್ಲ ಎಂದು ಕಣ್ಣಾರೆ ಕಂಡ ಮೇಲೂ "ಇಲ್ಲಿಗೇ ಬಿಡು" ಎಂದು ಬರೆದೆಯಲ್ಲ. ಬಿಡಲು ನನ್ನಿಂದ ಆಗಲಿಲ್ಲ.

ದೀಪುವಿನ ಕೈ ವಾಸಿಯಾಗಿದೆ. ಬಲಗಿವಿ ಮಂದ. ಎಡಕ್ಕೆ ಹೋಗಿ ಮಾತಾಡಿಸಬೇಕು. ದಪ್ಪ ಕಬ್ಬಿಣದ ತಗಡು ಹಾಕಿಸಿ ಮತ್ತೆ ಒಲೆ ಹಚ್ಚಿದ್ದಾನೆ.

ಬರೆದದ್ದು ಬೇರೆ ಕಾರಣಕ್ಕೆ. ಮಗುವನ್ನು ಎರೆಯಲು ಒಬ್ಬರು ಬರುತ್ತಿದ್ದರು, ನಿಲ್ಲಿಸಿದೆ. ಅವರ ಕೈಯಲ್ಲಿ ಉಸಿರು ಕಟ್ಟುವ ಹಾಗೆ ಅಳುತ್ತದೆ. ಟಬ್ಬಿನಲ್ಲಿ ಮಲಗಿಸಿ ನಾನೇ ನೀರು ಹಾಕಿದರೆ ಜಾರುತ್ತದೆ. ಕಲ್ಲು ಸಿಡಿದ ಆ ಸದ್ದು ಕೇಳಿದ ಮೇಲೆ, ಚೊಂಬು ಬಿದ್ದರೂ ಮಗುವನ್ನು ಎತ್ತಿಕೊಂಡು ಹೊರಗೆ ಓಡಿಬರುತ್ತೇನೆ. ನೀನು ನಮ್ಮನ್ನು ಕಲ್ಲಿನ ಮೇಲೆ ಎರೆಯುತ್ತಿದ್ದೆಯಂತೆ. ಇಲ್ಲಿ ಟೈಲ್ಸ್, ಕಲ್ಲಿಲ್ಲ. ಹೇಗೆ ಎರೆಯುವುದು? ಬರೆದು ಕಳಿಸು.

ಪ್ರಿಯಾ


ಗರುಡಾಚಾರ್‌ಪಾಳ್ಯ
19 ಮಾರ್ಚ್ 2025

ಪ್ರಿಯಾ,

ಕಲ್ಲು ಬೇಕಿಲ್ಲ. ನಿನ್ನ ಮೈ ಒಂದು ದಿನವೂ ಆ ಕಲ್ಲಿಗೆ ತಾಗಿಲ್ಲ. ಕಲ್ಲಿನ ಮೇಲೆ ಎರೆದೆ ಎಂದು ನಾನೇ ಬರೆದೆ, ಅದು ಬಾಯಿಮಾತು. ಗೋಡೆಗೆ ಒರಗಿ ಮಣೆಯ ಮೇಲೆ ಕೂತು ಎರಡು ಕಾಲೂ ನೀಡಿಕೊಳ್ಳಬೇಕು. ಕಲ್ಲಿನ ಮೇಲೆ ನನ್ನ ಕಾಲು, ಕಾಲಿನ ಮೇಲೆ ನೀನು. ಹಂಡೆಯ ನೀರು ಮೊದಲು ನನ್ನ ಅಂಗೈಗೆ, ಅಂಗೈಯಿಂದ ನಿನ್ನ ಮೈಗೆ. ಕೆಳಗಿನ ತಣ್ಣನೆಯ ಕಲ್ಲೂ ನಿನಗೆ ತಾಗಲಿಲ್ಲ, ಮೇಲಿನ ಸುಡುನೀರೂ ತಾಗಲಿಲ್ಲ. ನಡುವೆ ನಾನಿದ್ದೆ. ಆಗ ನನಗೆ ಅದು ಬರುತ್ತಿತ್ತು. ನಿನಗೆ ಮಾತು ಬಂದ ಮೇಲೆ ಮರೆತುಹೋಯಿತು.

ತಟ್ಟೆಯ ವಿಷಯ. ಆ ಭಾನುವಾರ ನಿಮ್ಮ ಬಾಡು ಬೆಂದಿತ್ತು. ತಿಳಿಯದೆ ಜನರ ಮುಂದೆ ನಿಮ್ಮ ಅನ್ನದ ತಟ್ಟೆ ಕಿತ್ತುಕೊಂಡವಳು ನಾನು. ಆಗಸ್ಟಿನಲ್ಲೇ ಗೊತ್ತಾಗಿತ್ತು, ಬರೆಯಲಿಲ್ಲ. ಈಗ ಬರೆದಿದ್ದೇನೆ. ಬೇಕಾದರೆ ಅಂಗಡಿಯ ಗೋಡೆಗೆ ಅಂಟಿಸು, ಬಂದವರು ಓದಿಕೊಂಡು ತಿನ್ನಲಿ.

ಕಾಗದ ಓದಿ ಕೂಸು ಎರೆಯಲು ಆಗುವುದಿಲ್ಲ. ಶುಕ್ರವಾರ ಬೆಳಿಗ್ಗೆ ಮೆಟ್ರೋಗೆ ಬರುತ್ತೇನೆ. ಬೇಡವಾದರೆ ದೀಪು ಕೈಯಲ್ಲಿ ಹೇಳಿಸಬೇಡ. ನಿನ್ನ ಸಿಟ್ಟೂ ನನ್ನ ಸಿಟ್ಟೂ ಕೇಳಿ ಕೇಳಿ ಅವನಿಗೆ ಉಳಿದಿರುವುದು ಒಂದೇ ಕಿವಿ. ನೀನೇ ಗೇಟಿಗೆ ಬಂದು ಬೇಡ ಎನ್ನು, ಹಾಗೇ ತಿರುಗಿ ಹೋಗುತ್ತೇನೆ. ನಿನ್ನ ಕಾಗದ ಬರುವ ಮೊದಲೇ, ಎಂಟು ದಿನದಿಂದ ಗೋಡೆಗೆ ಒರಗಿ ಕೂತು ಕಾಲು ನೀಡಿ ನೋಡುತ್ತಿದ್ದೇನೆ. ಬಲಮಂಡಿ ಕಿರಿಕಿರಿ ಮಾಡುತ್ತದೆ, ಎಡಗಾಲು ಸರಿಯಾಗಿದೆ. ಒಂದು ಕೂಸಿಗೆ ಸಾಕು.

ನೀರು ಕಾಯಿಸಿಡು. ಬಿಸಿ ನೋಡಲು ನನ್ನ ಮೊಣಕೈ ಇದೆ. ದೀಪು ಬಾಡಿಗೆ ಚುಚ್ಚಿ ಬಿಸಿ ನೋಡುವ ಆ ನಂಬರಿನ ಕಡ್ಡಿಯನ್ನೂ ಚೆನ್ನಾಗಿ ತೊಳೆದು ಪಕ್ಕದಲ್ಲಿ ಇಟ್ಟಿರು.

ಅಮ್ಮ